ವ್ಯಸನಮುಕ್ತಿ ಕೆಲಸಕ್ಕೆ ಅನುದಾನ ಎಲ್ಲಿ ಸಿಗುತ್ತದೆ?

ಕುಡಿತ, ಗಾಂಜಾ ಬಿಡಿಸುವ ಕೆಲಸಕ್ಕೆ ನಮ್ಮ ಚಿಕ್ಕ ಟ್ರಸ್ಟ್‌ಗೆ ಯಾರು ದುಡ್ಡು ಕೊಡುತ್ತಾರೆ ಎಂದು ಕೇಳಿದ್ದೀರಿ.

ದೊಡ್ಡ ಬಾಗಿಲು ಕೇಂದ್ರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ್ದು. ಮಾದಕ ವಸ್ತುಗಳ ಬೇಡಿಕೆ ತಗ್ಗಿಸುವ ಅದರ ರಾಷ್ಟ್ರೀಯ ಯೋಜನೆಯಲ್ಲಿ ಪುನರ್ವಸತಿ ಕೇಂದ್ರ ನಡೆಸುವ ಸಂಸ್ಥೆಗಳಿಗೆ ಸಂಬಳ, ಬಾಡಿಗೆ, ಔಷಧಿಗೆ ಹಣ ಸಿಗುತ್ತದೆ. ಅರ್ಜಿ ಇ-ಅನುದಾನ್ ಪೋರ್ಟಲ್‌ನಲ್ಲಿ. ಅದಕ್ಕೂ ಮೊದಲು ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಪೋರ್ಟಲ್ ಎನ್‌ಜಿಒ ದರ್ಪಣ್‌ನಲ್ಲಿ ನೋಂದಣಿ ಮಾಡಿಸಿ. ರೋಗಿಗಳನ್ನು ಒಳಗೆ ಇರಿಸಿಕೊಂಡು ಚಿಕಿತ್ಸೆ ಕೊಡುವುದಾದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿಯೂ ಬೇಕು. ಇದನ್ನು ಮರೆತು ಮಂಚ, ಹಾಸಿಗೆ ಕೊಂಡು ಕೂತವರಿದ್ದಾರೆ!

ಹೊಸಬರಿಗೆ ಸರ್ಕಾರಿ ಹಣ ಕಷ್ಟ, ನಿಧಾನ. ನನ್ನನ್ನು ಕೇಳಿದರೆ, ಮೊದಲು ಹತ್ತಿರದ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಹಿಡಿಯಿರಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಹೀಗೆ ಖರ್ಚು ಮಾಡಬಹುದಾದ ಕೆಲಸಗಳ ಪಟ್ಟಿಯಲ್ಲಿ ಆರೋಗ್ಯವೂ ಇದೆ. ನಿಮ್ಮ ಬಳಿ 12ಎ, 80ಜಿ (ಆದಾಯ ತೆರಿಗೆ ವಿನಾಯಿತಿಯ ನೋಂದಣಿಗಳು) ಮತ್ತು ಸಿಎಸ್‌ಆರ್-1 (ಸಿಎಸ್‌ಆರ್ ಹಣ ಪಡೆಯಲು ಮಾಡಿಸುವ ನೋಂದಣಿ) ಇರಬೇಕು. ವಿದೇಶಿ ಹಣಕ್ಕೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು, ಸದ್ಯಕ್ಕೆ ಅದನ್ನು ಬಿಡಿ.

ಪ್ರಸ್ತಾವನೆಯಲ್ಲಿ "ಜಾಗೃತಿ ಮೂಡಿಸುತ್ತೇವೆ" ಅಂತ ಬರೆದರೆ ಯಾರೂ ಓದುವುದಿಲ್ಲ. "ಎರಡು ಹಳ್ಳಿ, 30 ಜನ, ವಾರಕ್ಕೊಂದು ಆಪ್ತಸಮಾಲೋಚನೆ, ಚಟ ಬಿಟ್ಟವರ ಮನೆಗೆ ಆರು ತಿಂಗಳು ಭೇಟಿ" ಎಂದು ಬರೆಯಿರಿ. ಬೈಕ್ ಪೆಟ್ರೋಲಿಗೂ ಬಜೆಟ್‌ನಲ್ಲಿ ಒಂದು ಸಾಲು ಇಡಿ. ಎಲ್ಲರೂ ಮರೆಯುವುದು ಅದನ್ನೇ.