ಮಲೆನಾಡಿನ ಹಳ್ಳಿಗಳಲ್ಲಿ ಜನ ಊರಿನ ಸಮಸ್ಯೆಗಳನ್ನು ಎಲ್ಲಿ ಕೂತು ಮಾತಾಡುತ್ತಾರೆ?

ನೀವು ಅಧ್ಯಯನಕ್ಕೆ ಮಲೆನಾಡಿಗೆ ಬರುತ್ತಿದ್ದೀರಿ, ಜನರ ಮಾತು ಕೇಳಲು ಗ್ರಾಮಸಭೆಗೆ ಹೋದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗಲ್ಲ.

ನಾನು ಸಾಗರ ತಾಲ್ಲೂಕಿನವನು, ಎರಡು ಎಕರೆ ಅಡಿಕೆ ತೋಟ ಇದೆ. ಗ್ರಾಮಸಭೆ ತಪ್ಪಿಸುವವನಲ್ಲ. ಅಲ್ಲಿಗೆ ಹೆಚ್ಚಿನವರು ಬರುವುದು ಸರ್ಕಾರ ಕೊಡುವ ಮನೆಯ ಪಟ್ಟಿಯಲ್ಲಿ ಹೆಸರಿದೆಯಾ ನೋಡಲು. ಹೆಸರು ಓದಿ ಮುಗಿದರೆ ಕುರ್ಚಿ ಖಾಲಿ. ಹೆಂಗಸರು ಹಿಂದೆ ಕೂತು, ರುಜು ಹಾಕಿ ಎದ್ದು ಹೋಗುತ್ತಾರೆ. 1951ರಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದು ನಿಂತ ಕಾಗೋಡು ಇರುವುದು ಇದೇ ತಾಲ್ಲೂಕಿನಲ್ಲಿ. ಆದರೂ ಮೈಕ್ ಕಂಡರೆ ನಮ್ಮವರ ಬಾಯಿ ಕಟ್ಟುತ್ತದೆ.

ನಿಜವಾದ ಸಭೆ ನಡೆಯುತ್ತಿದ್ದದ್ದು ಅಡಿಕೆ ಸುಲಿಯುವಲ್ಲಿ. ಕೊಯ್ಲಿನ ಕಾಲದಲ್ಲಿ ರಾತ್ರಿ ಊಟ ಮುಗಿಸಿ ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿ, ಅಂದರೆ ಅಡಿಕೆ ಸುಲಿಯುವ ಕತ್ತಿ, ಹಾಕಿಕೊಂಡು ಕೂರುತ್ತಿದ್ದರು. ಕೂಲಿ ಡಬ್ಬದ ಲೆಕ್ಕ, ಹಾಗಾಗಿ ಕೈ ನಿಲ್ಲಿಸುವಂತಿಲ್ಲ. ಬಾಯಿಗೆ ಮಾತ್ರ ತಡೆಯಿಲ್ಲ. ಕಣ್ಣು ಅಡಿಕೆ ಮೇಲೇ ಇರಬೇಕಲ್ಲ, ಯಾರ ಮುಖವನ್ನೂ ನೋಡಿ ಮಾತಾಡಬೇಕಿಲ್ಲ. ಅದಕ್ಕೇ ಹೇಳಿಕೊಳ್ಳಲಾಗದ್ದೂ ಹೊರಗೆ ಬರುತ್ತಿತ್ತು ಅಂತ ನನಗನ್ನಿಸುತ್ತದೆ. ಯಾರ ಗಂಡ ಸ್ವಸಹಾಯ ಸಂಘದ ಸಾಲದ ಕಂತಿನ ದುಡ್ಡು ಕುಡಿದು ಮುಗಿಸಿದ, ತೋಟ ಇದ್ದೂ ಯಾರ ಮಗನಿಗೆ ಹೆಣ್ಣು ಸಿಗುತ್ತಿಲ್ಲ, ಕಾಡಲ್ಲಿ ಮಂಗ ಸತ್ತಿದೆ, ಮಂಗನ ಕಾಯಿಲೆ ಬರಬಹುದು ಅಂತ ಗೊತ್ತಿದ್ದೂ ದರಕು (ಉದುರಿದ ಒಣ ಎಲೆ) ಗುಡಿಸಲು ಯಾರು ಹೋಗಬೇಕಾಯಿತು, ಎಲ್ಲಾ. ಆ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಪಕ್ಕದ ಸೊರಬ ತಾಲ್ಲೂಕಿನದು. ನಮಗೆ ಅದು ಪೇಪರ್ ಸುದ್ದಿಯಲ್ಲ.

ನಮ್ಮಲ್ಲಿಗೆ ಸುಲಿಯಲು ಬರುತ್ತಿದ್ದ ಒಬ್ಬರು ಅಜ್ಜಿ ಮುಳುಗಡೆಯವರು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗೆ ಅವರ ಊರು ಹೋಯಿತು. ‘ಲಾರೀಲಿ ತಂದು ಇಳಿಸಿ ಹೋದ್ರು ಮಾರಾಯ. ನಮ್ಮತ್ತೆ ದೊಡ್ಡ ಹಂಡೆ ಹೊತ್ಕೊಂಡು ಬಂದಿದ್ರು. ತುಂಬ್ಸೋಕೆ ನೀರೆಲ್ಲಿದೆ ಅಂತ ಒಬ್ರಿಗೂ ಗೊತ್ತಿಲ್ಲ’ ಅನ್ನುತ್ತಿದ್ದರು. ಹಾಗೆ ತಂದು ಇಳಿಸಿದ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು 2005ಕ್ಕೆ ಹಿಂದಿನ 75 ವರ್ಷ, ಅಂದರೆ 1930ರಿಂದ, ಕಾಡಲ್ಲಿ ಇದ್ದದ್ದು ತೋರಿಸಬೇಕು. ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷ್ಯ ಅಂತ ನಿಯಮವೇ ಹೇಳುತ್ತದೆ. ಆದರೆ ಅಜ್ಜಿ ಇಲ್ಲಿಗೆ ಬಂದದ್ದೇ ಅರವತ್ತರ ದಶಕದಲ್ಲಿ. ತಲೆತಲಾಂತರ ಇದ್ದ ಜಾಗ ನೀರೊಳಗೆ.

ಈ ವಿಷಯ ಒಮ್ಮೆ ಗ್ರಾಮಸಭೆಗೂ ಬಂತು. ಅಜ್ಜಿಯೂ ಬಂದಿದ್ದರು. ‘ದಾಖಲೆ ಇದೆಯಾ ಅಮ್ಮಾ?’ ಅಂತ ಅಧಿಕಾರಿ ಕೇಳಿದರು. ಇಲ್ಲ ಅಂತ ತಲೆ ಆಡಿಸಿದರು, ಕೂತರು. ಹಂಡೆ ವಿಷಯ ಬಾಯಿಗೇ ಬರಲಿಲ್ಲ. ಪಕ್ಕದಲ್ಲಿದ್ದ ನಾನೂ ಎದ್ದು ಹೇಳಲಿಲ್ಲ, ಅದು ಬೇರೆ ಮಾತು.

ಈಗ ಸುಲಿಯೋ ಮೆಷಿನ್ ಬಂದಿದೆ. ಆಳು ಸಿಗಲ್ಲ, ನಾನೂ ಅದಕ್ಕೇ ಹಾಕಿಸುತ್ತೇನೆ. ಅದರ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೇ ಕೇಳಲ್ಲ. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಸ್ವಲ್ಪ ಮಾತು ನಡೆಯುತ್ತದೆ, ಆದರೆ ಅಲ್ಲಿ ಕಂತು ಕಟ್ಟದವರು ಬಾಯಿ ಬಿಡಲ್ಲ.

ಗ್ರಾಮಸಭೆಗೂ ಹೋಗಿ, ಬೇಡ ಅನ್ನಲ್ಲ. ಆದರೆ ನವೆಂಬರ್ ನಂತರ ಬನ್ನಿ, ಕೈಯಲ್ಲೇ ಸುಲಿಯುವ ಮನೆ ಈಗಲೂ ಅಲ್ಲೊಂದು ಇಲ್ಲೊಂದು ಇದೆ. ಪುಸ್ತಕ, ಪೆನ್ನು ಚೀಲದಲ್ಲೇ ಇರಲಿ. ಸುಮ್ನೆ ಒಂದು ಮೆಟ್ಟುಗತ್ತಿ ಕೇಳಿ ತಗೊಂಡು ಕೂತುಕೊಳ್ಳಿ. ‘ಸಮಸ್ಯೆ ಏನು?’ ಅನ್ನಬೇಡಿ, ‘ನಿಮ್ಮದು ಮೊದಲು ಯಾವೂರು?’ ಅನ್ನಿ. ಬೆರಳಿಗೆ ಹತ್ತಿದ ಅಡಿಕೆ ಚೊಗರಿನ ಕಲೆ ವಾರ ಹೋಗಲ್ಲ. ಅವರು ಮೂರು ಡಬ್ಬ ತುಂಬಿಸುವಷ್ಟರಲ್ಲಿ ನಿಮ್ಮದು ಅರ್ಧವೂ ಆಗಿರಲ್ಲ. ನಗುತ್ತಾರೆ, ನಗಲಿ ಬಿಡಿ.