ಪ್ರಾಚೀನ ನಾಗರಿಕತೆಗಳ ಪಾಠವನ್ನು ‘ಇದು ನಮಗೆ ಹೇಗೆ ಗೊತ್ತಾಯಿತು?’ ಎಂಬಲ್ಲಿಂದ ಆರಂಭಿಸಿ

ಆರನೇ ತರಗತಿಗೆ ಇದೇ ಮೊದಲ ಸಲ ಸಮಾಜ ವಿಜ್ಞಾನ ಬೋಧಿಸಲಿದ್ದೀರಿ. ಮೆಸೊಪೊಟೇಮಿಯ, ಈಜಿಪ್ಟ್, ಸಿಂಧೂ ಕಣಿವೆ ಮತ್ತು ಚೀನಾ ನಾಗರಿಕತೆಗಳಿಗೆ ನಿಮಗೆ ಸಿಕ್ಕಿರುವುದು ಆರು ವಾರ. ಮಕ್ಕಳು ಇಸವಿಗಳನ್ನೂ ‘ಕೊಡುಗೆ’ಗಳ ಪಟ್ಟಿಯನ್ನೂ ಬಾಯಿಪಾಠ ಮಾಡಿ ಪರೀಕ್ಷೆಯ ಮರುದಿನವೇ ಮರೆಯದಂತೆ ಈ ಪಾಠವನ್ನು ಹೇಗೆ ಮಾಡಬೇಕು ಎಂದು ಕೇಳಿದ್ದೀರಿ. ಹದಿನಾಲ್ಕು ವರ್ಷಗಳಿಂದ ಹನ್ನೊಂದು, ಹನ್ನೆರಡು ವಯಸ್ಸಿನ ಮಕ್ಕಳಿಗೆ ಇದೇ ಪಾಠ ಮಾಡುತ್ತ ಬಂದಿರುವ ನನ್ನ ಉತ್ತರ ಇಷ್ಟು: ನಾಗರಿಕತೆಯ ಲಕ್ಷಣಗಳಿಂದ ಆರಂಭಿಸಬೇಡಿ, ಅದು ಬಿಟ್ಟುಹೋದ ಯಾವುದಾದರೂ ಒಂದು ವಸ್ತುವಿನಿಂದ ಆರಂಭಿಸಿ, ‘ಇದು ನಮಗೆ ಹೇಗೆ ಗೊತ್ತಾಯಿತು’ ಎಂಬ ಪ್ರಶ್ನೆಯನ್ನು ಆರು ವಾರವೂ ಕೈಬಿಡಬೇಡಿ.

ಮೊದಲ ವರ್ಷಗಳಲ್ಲಿ ನಾನು ಹಾಗೆ ಮಾಡಿರಲಿಲ್ಲ. ಮೊದಲು ಭೌಗೋಳಿಕ ಸ್ಥಾನ, ಆಮೇಲೆ ಅರಸರು, ಆಮೇಲೆ ಧರ್ಮ, ಲಿಪಿ, ಕೊನೆಗೆ ಕೊಡುಗೆಗಳು ಎಂಬ ಒಂದೇ ಚೌಕಟ್ಟಿನಲ್ಲಿ ನಾಲ್ಕೂ ನಾಗರಿಕತೆಗಳನ್ನು ಒಂದಾದ ಮೇಲೊಂದರಂತೆ ಹೇಳಿ ಮುಗಿಸುತ್ತಿದ್ದೆ. ಉತ್ತರ ಪತ್ರಿಕೆಗಳಲ್ಲಿ ಈಜಿಪ್ಟಿನ ನೈಲ್ ನದಿಯ ದಡದಲ್ಲಿ ಮೆಸೊಪೊಟೇಮಿಯದ ದೇಗುಲಗೋಪುರಗಳಾದ ಜಿಗುರಾತ್‌ಗಳು ಎದ್ದಿದ್ದವು, ಮೆಸೊಪೊಟೇಮಿಯದ ಬ್ಯಾಬಿಲೋನಿನ ಅರಸ ಹಮ್ಮುರಾಬಿ ಪಿರಮಿಡ್ ಕಟ್ಟಿಸಿದ್ದ. ಮಕ್ಕಳು ಓದಲಿಲ್ಲ ಎಂದು ಆಗ ಬೇಸರಪಟ್ಟಿದ್ದೆ. ಒಂದೇ ಅಚ್ಚಿನಲ್ಲಿ ನಾಲ್ಕು ಪಾಠಗಳನ್ನು ಎರಕ ಹೊಯ್ದರೆ ಅವುಗಳನ್ನು ಬೇರೆ ಬೇರೆಯಾಗಿ ನೆನಪಿಡಲು ಮಕ್ಕಳಿಗೆ ಯಾವ ಹಿಡಿಕೆಯೂ ಸಿಗುವುದಿಲ್ಲ ಎಂಬುದು ಅರಿವಿಗೆ ಬರಲು ಎರಡು ಮೂರು ವರ್ಷ ಬೇಕಾಯಿತು.

ಈಗ ಈಜಿಪ್ಟಿನ ಪಾಠವನ್ನು ನಾನು ಹಾಜರಿ ಪುಸ್ತಕದಿಂದ ಆರಂಭಿಸುತ್ತೇನೆ. ಎಂದಿನಂತೆ ಹೆಸರು ಕರೆದು, ನಿನ್ನೆ ಬಾರದಿದ್ದವರು ಏಕೆ ಬರಲಿಲ್ಲ ಎಂದು ಕೇಳಿ, ಕಾರಣಗಳನ್ನು ಕರಿಹಲಗೆಯ ಒಂದು ಬದಿಯಲ್ಲಿ ಬರೆಯುತ್ತೇನೆ. ಮತ್ತೊಂದು ಬದಿಯಲ್ಲಿ, ಎಲ್ಲಿಯವೆಂದು ಹೇಳದೆ, ಇನ್ನಷ್ಟು ಕಾರಣಗಳನ್ನು ಬರೆಯುತ್ತೇನೆ: ಕಾಯಿಲೆ, ಕಣ್ಣುನೋವು, ಚೇಳು ಕುಟುಕಿದ್ದು, ಬಿಯರ್ ತಯಾರಿಸುತ್ತಿದ್ದುದು, ತೀರಿಕೊಂಡ ಬಂಧುವಿನ ದೇಹಕ್ಕೆ ಸಂಸ್ಕಾರ ಮಾಡುತ್ತಿದ್ದುದು. ಇವು ಕ್ರಿ.ಪೂ. 1250ರ ಸುಮಾರಿಗೆ, ಎರಡನೇ ರಾಮೆಸೆಸ್‌ನ ಆಳ್ವಿಕೆಯ 40ನೇ ವರ್ಷದಲ್ಲಿ, ದೈರ್ ಅಲ್ ಮದೀನಾ ಎಂಬ ಕುಶಲಕರ್ಮಿಗಳ ಹಳ್ಳಿಯ ಲೆಕ್ಕಿಗನೊಬ್ಬ ಸುಣ್ಣಕಲ್ಲಿನ ಚಕ್ಕೆಯ ಮೇಲೆ ಬರೆದಿಟ್ಟ ಕಾರಣಗಳು. 40 ಮಂದಿಯ ಹೆಸರುಗಳು, ಕಪ್ಪು ಶಾಯಿಯಲ್ಲಿ ಅವರು ಬಾರದ ದಿನಗಳು, ಅವುಗಳ ಮೇಲೆ ಕೆಂಪು ಶಾಯಿಯಲ್ಲಿ ಕಾರಣಗಳು. ಆ ಚಕ್ಕೆ ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಎರಡೂ ಪಟ್ಟಿಗಳಲ್ಲಿ ‘ಕಾಯಿಲೆ’ ಎಂಬ ಪದ ಇರುವುದನ್ನು ಮಕ್ಕಳೇ ಗಮನಿಸುತ್ತಾರೆ, ನಾನು ತೋರಿಸಬೇಕಾಗುವುದಿಲ್ಲ.

ಅನಂತರ ಒಂದೇ ಪ್ರಶ್ನೆ ಕೇಳುತ್ತೇನೆ: ಈ ಪಟ್ಟಿಯೊಂದನ್ನೇ ಇಟ್ಟುಕೊಂಡು ಆ ಊರಿನ ಬಗ್ಗೆ ಏನೇನು ಹೇಳಬಹುದು? ಅಲ್ಲಿ ಚೇಳುಗಳಿದ್ದವು ಎಂದು ಒಬ್ಬರು ಆರಂಭಿಸುತ್ತಾರೆ. ಕೆಲಸಕ್ಕೆ ಬಾರದವರ ಲೆಕ್ಕ ಇಡುವವನು ಇದ್ದ ಎಂದರೆ ಓದುಬರಹ ಬಲ್ಲವರಿದ್ದರು, ಮೇಲ್ವಿಚಾರಣೆ ಇತ್ತು. ಕಾರಣವನ್ನೂ ಬರೆದಿದ್ದಾನೆ ಎಂದರೆ ಸಕಾರಣವಾಗಿ ಕೆಲಸ ತಪ್ಪಿಸಬಹುದಿತ್ತು. ಸತ್ತವರ ದೇಹವನ್ನು ಕಾಪಾಡುವ ಪದ್ಧತಿ ಅರಸರಿಗಷ್ಟೇ ಸೀಮಿತವಾಗಿರಲಿಲ್ಲ. ಹೀಗೆ ಇಪ್ಪತ್ತು ನಿಮಿಷಗಳಲ್ಲಿ ಪಠ್ಯಪುಸ್ತಕದ ಎರಡು ಪುಟಗಳ ವಿಷಯ ಅವರ ಬಾಯಿಂದಲೇ ಬಂದಿರುತ್ತದೆ. ಇದೇ ಹಳ್ಳಿಯವರು ಅರಸರ ಕಣಿವೆಯ ಗೋರಿಗಳನ್ನು ಕೊರೆದು ಬಣ್ಣ ಬಳಿದವರು ಎಂದೂ, ಕ್ರಿ.ಪೂ. 12ನೇ ಶತಮಾನದಲ್ಲಿ, ಮೂರನೇ ರಾಮೆಸೆಸ್‌ನ 29ನೇ ವರ್ಷದಲ್ಲಿ, ಕೂಲಿಯ ಧಾನ್ಯ ಸಮಯಕ್ಕೆ ಬಾರದಿದ್ದಾಗ ಕೆಲಸ ನಿಲ್ಲಿಸಿ ಧರಣಿ ಕುಳಿತವರು ಇವರ ಮುಂದಿನ ಪೀಳಿಗೆಯವರು ಎಂದೂ ಹೇಳಿದರೆ ತರಗತಿ ನಿಶ್ಶಬ್ದವಾಗುತ್ತದೆ. ಆ ಮುಷ್ಕರದ ವಿವರವಿರುವ ಪಪೈರಸ್ (ಜೊಂಡಿನಿಂದ ಮಾಡಿದ ಕಾಗದ) ಇಟಲಿಯ ಟ್ಯೂರಿನ್‌ನ ಸಂಗ್ರಹಾಲಯದಲ್ಲಿದೆ.

ಆದರೆ ಇಲ್ಲೊಂದು ಎಚ್ಚರ ಬೇಕು. ಈ ಕುಶಲಕರ್ಮಿಗಳೇ ಪಿರಮಿಡ್ ಕಟ್ಟಿದರು ಎಂದು ಮಕ್ಕಳು ತಕ್ಷಣ ತೀರ್ಮಾನಿಸಿಬಿಡುತ್ತಾರೆ. ಗಿಜಾದಲ್ಲಿರುವ ಅರಸ ಖುಫುವಿನ ಮಹಾ ಪಿರಮಿಡ್ ಕ್ರಿ.ಪೂ. 2560ರ ಸುಮಾರಿನದು, ಅಂದರೆ ಈ ಹಾಜರಿ ಪಟ್ಟಿಗಿಂತ ಸುಮಾರು 1300 ವರ್ಷ ಹಳೆಯದು. ಇಂಥ ಅಂತರಗಳು ಅಂಕಿಗಳಾಗಿ ಮಕ್ಕಳ ಮನಸ್ಸಿಗೆ ಇಳಿಯುವುದಿಲ್ಲ, ಅದರಲ್ಲೂ ಕ್ರಿ.ಪೂ. ಎಣಿಕೆ ಹಿಮ್ಮುಖವಾಗಿ ಸಾಗುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ. ಆದ್ದರಿಂದ ಗೋಡೆಯುದ್ದಕ್ಕೂ ಐದೂವರೆ ಮೀಟರ್ ದಾರ ಕಟ್ಟಿ, ಹತ್ತು ವರ್ಷಕ್ಕೆ ಒಂದು ಸೆಂಟಿಮೀಟರ್ ಎಂದು ಲೆಕ್ಕ ಹಾಕಿ, ಒಂದು ತುದಿಯನ್ನು ‘ಇಂದು’ ಎಂದು ಗುರುತಿಸಿ. ಮೆಸೊಪೊಟೇಮಿಯದ ಉರುಕ್ ನಗರದ ಮೊದಲ ಬರಹಗಳು ಇನ್ನೊಂದು ತುದಿಯ ಹತ್ತಿರ ಬರುತ್ತವೆ, ಮಹಾ ಪಿರಮಿಡ್ ನಮ್ಮಿಂದ ಸುಮಾರು 4.6 ಮೀಟರ್ ದೂರದಲ್ಲಿ, ಕ್ರಿ.ಪೂ. 30ರಲ್ಲಿ ತೀರಿಕೊಂಡ ಈಜಿಪ್ಟಿನ ರಾಣಿ ಕ್ಲಿಯೋಪಾತ್ರ ಸುಮಾರು ಎರಡು ಮೀಟರ್ ದೂರದಲ್ಲಿ. ಕ್ಲಿಯೋಪಾತ್ರಳಿಗೆ ಪಿರಮಿಡ್‌ಗಿಂತ ನಾವೇ ಹತ್ತಿರದವರು ಎಂಬುದನ್ನು ಮಗು ಅಳತೆಪಟ್ಟಿ ಹಿಡಿದು ತಾನೇ ಕಂಡುಕೊಂಡರೆ ಅದನ್ನು ಮತ್ತೆ ಹೇಳಿಕೊಡಬೇಕಾಗಿಲ್ಲ. ಆರು ವಾರವೂ ಆ ದಾರ ಗೋಡೆಯ ಮೇಲೆಯೇ ಇರಲಿ, ಓದಿದ ಪ್ರತಿಯೊಂದು ವಸ್ತುವನ್ನೂ ಅದರ ಮೇಲೆ ತೂಗುಹಾಕಲಿ.

ಸಿಂಧೂ ಕಣಿವೆಯ ಪಾಠದಲ್ಲಿ ‘ಇದು ನಮಗೆ ಹೇಗೆ ಗೊತ್ತಾಯಿತು’ ಎಂಬ ಪ್ರಶ್ನೆ ಇನ್ನೂ ಹರಿತವಾಗುತ್ತದೆ, ಏಕೆಂದರೆ ಇಲ್ಲಿನ ಲಿಪಿಯನ್ನು ಎಲ್ಲರೂ ಒಪ್ಪುವಂತೆ ಇದುವರೆಗೆ ಯಾರೂ ಓದಿಲ್ಲ. ನನಗೆ ಎಲ್ಲಕ್ಕಿಂತ ಪ್ರಿಯವಾದ ಪಾಠವೂ ಇದೇ. ಮೊಹೆಂಜೊದಾರೊದಲ್ಲಿ ಸಿಕ್ಕ, 17.5 ಸೆಂಟಿಮೀಟರ್ ಎತ್ತರದ, ಗಡ್ಡಧಾರಿ ಪುರುಷನ ಶಿಲ್ಪದ ಚಿತ್ರವನ್ನು ಶೀರ್ಷಿಕೆ ಮುಚ್ಚಿ ತೋರಿಸಿ. ಏನು ಕಾಣಿಸುತ್ತಿದೆ ಎಂದು ಮೊದಲು ಕೇಳಿ: ಒಂದು ಭುಜದ ಮೇಲೆ ಹೊದ್ದ ವಸ್ತ್ರ, ಅದರ ಮೇಲೆ ಮೂರೆಸಳಿನ ವಿನ್ಯಾಸ, ಹಣೆಗೆ ಪಟ್ಟಿ, ಅರೆಮುಚ್ಚಿದ ಕಣ್ಣು. ಅದರಿಂದ ಏನನ್ನು ಊಹಿಸುತ್ತೀರಿ ಎಂದು ಆಮೇಲೆ ಕೇಳಿ. ಕೊನೆಗೆ ಶೀರ್ಷಿಕೆ ತೆರೆದು ‘ಪುರೋಹಿತ ರಾಜ’ ಎಂಬ ಹೆಸರನ್ನು ತೋರಿಸಿ, ಅವನು ಪುರೋಹಿತ ಎನ್ನುವುದಕ್ಕೂ ರಾಜ ಎನ್ನುವುದಕ್ಕೂ ಏನು ಆಧಾರ ಎಂದು ಕೇಳಿ. ಆ ಹೆಸರು ಉತ್ಖನನದ ಕಾಲದ ವಿದ್ವಾಂಸರು ಇಟ್ಟದ್ದು, ಆ ಜನರೇ ಬರೆದಿಟ್ಟದ್ದಲ್ಲ. ‘ನರ್ತಕಿ’ ಎಂಬ ಕಂಚಿನ ಪ್ರತಿಮೆಗೂ ಇದೇ ಮಾತು ಅನ್ವಯಿಸುತ್ತದೆ. ಹೆಸರಿಟ್ಟ ಕೂಡಲೇ ವಿಚಾರ ಮುಗಿದಂತೆ ಅನಿಸುವ ಅಪಾಯವನ್ನು ಈ ವಯಸ್ಸಿನ ಮಕ್ಕಳು ಸರಾಗವಾಗಿ ಅರ್ಥ ಮಾಡಿಕೊಳ್ಳುತ್ತಾರೆ. ತಮ್ಮ ತಮ್ಮಲ್ಲೇ ಒಬ್ಬರಿಗೊಬ್ಬರು ಹೆಸರಿಟ್ಟು ಕರೆದು ನೋವುಂಟುಮಾಡಿದ ಅನುಭವ ಅವರಿಗಿದೆ.

ಹಾಗೆಂದು ಸಿಂಧೂ ಜನರ ಬಗ್ಗೆ ಏನೂ ತಿಳಿಯದು ಎಂಬ ಭಾವನೆ ಮೂಡಬಾರದು. ಮೊಹೆಂಜೊದಾರೊದ ದೊಡ್ಡ ಸ್ನಾನಗೃಹದ ಕೊಳ ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳ ಇದೆ. ಆ ಅಳತೆಯನ್ನು ಮಕ್ಕಳಿಂದಲೇ ಮೈದಾನದಲ್ಲಿ ಗೆರೆ ಹಾಕಿಸಿ, ಇಡೀ ತರಗತಿಯನ್ನು ಅದರೊಳಗೆ ನಿಲ್ಲಿಸಿ. ನೀರು ಸೋರದಂತೆ ಇಟ್ಟಿಗೆಗಳ ಹಿಂದೆ ನೈಸರ್ಗಿಕ ಡಾಂಬರು ಬಳಿದಿದ್ದರು. ಇಟ್ಟಿಗೆಗಳ ದಪ್ಪ, ಅಗಲ, ಉದ್ದ 1:2:4ರ ಪ್ರಮಾಣದಲ್ಲಿವೆ, ಮತ್ತು ದೂರ ದೂರದ ಊರುಗಳಲ್ಲೂ ಅದೇ ಪ್ರಮಾಣ, ಅದೇ ಬಗೆಯ ತೂಕದ ಕಲ್ಲುಗಳು ಸಿಗುತ್ತವೆ. ಅರಮನೆಯೆಂದು ಖಚಿತವಾಗಿ ಗುರುತಿಸಬಹುದಾದ ಕಟ್ಟಡ ಸಿಗದ ನಾಡಿನಲ್ಲಿ ಈ ಏಕರೂಪತೆಯನ್ನು ಕಾಪಾಡಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಪುಸ್ತಕದ ಹಿಂದಿನ ಪುಟದಲ್ಲಿಲ್ಲ ಎಂದು ಮಕ್ಕಳಿಗೆ ನೇರವಾಗಿ ಹೇಳಿ.

ಹಮ್ಮುರಾಬಿಯ ಕಾನೂನುಗಳನ್ನು ‘ಕಣ್ಣಿಗೆ ಕಣ್ಣು’ ಎಂಬ ಒಂದೇ ಸಾಲಿಗೆ ಇಳಿಸಬೇಡಿ. ಅವನ್ನು ಕೊರೆದಿರುವ, ಈಗ ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿರುವ, 2.25 ಮೀಟರ್ ಎತ್ತರದ ಕಪ್ಪು ಕಲ್ಲಿನ ಕಂಬದ ಪ್ರಕಾರ ಉನ್ನತ ವರ್ಗದವನೊಬ್ಬ ತನ್ನ ಸಮಾನನ ಕಣ್ಣು ಕಿತ್ತರೆ ಅವನ ಕಣ್ಣನ್ನೂ ಕೀಳಬೇಕು. ಸಾಮಾನ್ಯನ ಕಣ್ಣು ಕಿತ್ತರೆ ಒಂದು ಮೀನಾ (ಸುಮಾರು ಅರ್ಧ ಕಿಲೋ) ಬೆಳ್ಳಿ ತೆತ್ತರೆ ಸಾಕು. ಇನ್ನೊಬ್ಬರ ಗುಲಾಮನ ಕಣ್ಣಾದರೆ ಅವನ ಬೆಲೆಯ ಅರ್ಧ ಕೊಟ್ಟರಾಯಿತು. ಈ ಮೂರನ್ನೂ ಪಕ್ಕಪಕ್ಕದಲ್ಲಿ ಬರೆದು ಸುಮ್ಮನೆ ನಿಂತುಕೊಳ್ಳಿ. ಕಾನೂನು ಇತ್ತು ಎನ್ನುವುದಕ್ಕೂ ಎಲ್ಲರಿಗೂ ಒಂದೇ ಕಾನೂನು ಇತ್ತು ಎನ್ನುವುದಕ್ಕೂ ಇರುವ ದೂರವನ್ನು ಅವರೇ ಕಾಣುತ್ತಾರೆ.

ಗುಲಾಮಗಿರಿಯ ಮಾತು ಬಂದದ್ದರಿಂದ ನನ್ನ ಒಂದು ತಪ್ಪನ್ನು ಹೇಳಲೇಬೇಕು. ಎರಡನೇ ವರ್ಷದಲ್ಲಿ ‘ಪಿರಮಿಡ್ ಕಟ್ಟೋಣ’ ಎಂಬ ಆಟ ಆಡಿಸಿ, ಅರ್ಧ ತರಗತಿಯನ್ನು ಗುಲಾಮರನ್ನಾಗಿ, ನಾಲ್ವರನ್ನು ಮೇಸ್ತ್ರಿಗಳನ್ನಾಗಿ ಮಾಡಿದ್ದೆ. ಮೇಸ್ತ್ರಿಗಳಾದವರು ಬೇಗನೆ ಹುರುಪಿಗೆ ಬಂದರು, ಒಬ್ಬ ಹುಡುಗಿ ಅತ್ತುಬಿಟ್ಟಳು, ಮರುದಿನ ಶಾಲೆಗೆ ಬರಲಿಲ್ಲ. ಇನ್ನೊಬ್ಬರ ಅವಮಾನವನ್ನು ಆಟವಾಗಿಸಬಾರದು ಎಂಬುದನ್ನು ನಾನು ಅಂದು ಕಲಿತೆ, ನೀವು ಅದನ್ನು ಮಗುವಿನ ಕಣ್ಣೀರಿನಿಂದ ಕಲಿಯಬೇಕಾಗಿಲ್ಲ. ಆ ಆಟ ಇತಿಹಾಸದ ದೃಷ್ಟಿಯಿಂದಲೂ ತಪ್ಪಾಗಿತ್ತು. ಗಿಜಾದಲ್ಲಿ ಕೆಲಸಗಾರರ ವಸತಿ, ರೊಟ್ಟಿ ಬೇಯಿಸುವ ಜಾಗಗಳು, ಪಿರಮಿಡ್‌ಗಳ ಸಮೀಪದಲ್ಲೇ ಕೆಲಸಗಾರರ ಗೋರಿಗಳು ಸಿಕ್ಕಿವೆ. 2013ರಲ್ಲಿ ಕೆಂಪು ಸಮುದ್ರದ ತೀರದ ವಾದಿ ಅಲ್ ಜರ್ಫ್‌ನಲ್ಲಿ ದೊರೆತ ಪಪೈರಸ್‌ಗಳಲ್ಲಿ ಮೆರೆರ್ ಎಂಬ ಅಧಿಕಾರಿ ತನ್ನ ತಂಡದೊಂದಿಗೆ ತುರಾದ ಕಲ್ಲುಗಣಿಯಿಂದ ಗಿಜಾಕ್ಕೆ ದೋಣಿಯಲ್ಲಿ ಸುಣ್ಣಕಲ್ಲು ಸಾಗಿಸಿದ ದಿನಚರಿಯೇ ಇದೆ. ಅವರು ಕೊಂಡುತಂದ ಗುಲಾಮರ ಹಿಂಡಾಗಿರಲಿಲ್ಲ; ಹಾಗೆಂದು ಅರಸನ ಕರೆಯನ್ನು ನಿರಾಕರಿಸುವ ಸ್ವಾತಂತ್ರ್ಯ ಅವರಿಗಿತ್ತು ಎಂದೂ ಹೇಳಲಾಗದು.

ಆರು ವಾರಗಳಲ್ಲಿ ನಾಲ್ಕನ್ನೂ ಇಷ್ಟೇ ವಿವರವಾಗಿ ಮಾಡಲು ಸಾಧ್ಯವಿಲ್ಲ, ಪ್ರಯತ್ನಿಸಲೂ ಬೇಡಿ. ಎರಡನ್ನು ಆಳವಾಗಿ ಮಾಡಿ, ಉಳಿದೆರಡಕ್ಕೆ ಎರಡೆರಡು ಪೀರಿಯಡ್ ಕೊಡಿ. ಚೀನಾಕ್ಕೆ ಫು ಹಾವೋ ಒಬ್ಬಳೇ ಸಾಕು: ಶಾಂಗ್ ವಂಶದ ಅರಸ ವು ದಿಂಗ್‌ನ ಪತ್ನಿ, ಸೇನೆಯನ್ನು ಮುನ್ನಡೆಸಿದವಳು, 1976ರಲ್ಲಿ ಆನ್ಯಾಂಗ್‌ನಲ್ಲಿ ಕಳ್ಳರ ಕೈಗೆ ಸಿಗದೆ ಉಳಿದಿದ್ದ ಅವಳ ಗೋರಿ ಪತ್ತೆಯಾಯಿತು. ಅವಳ ಹೆರಿಗೆ ಶುಭವಾಗುವುದೇ ಎಂದು ಕೇಳಿದ, ಭವಿಷ್ಯ ತಿಳಿಯಲು ಬಳಸುತ್ತಿದ್ದ ಮೂಳೆಯ ಮೇಲೆ, ಫಲ ಶುಭವಲ್ಲ, ಹೆಣ್ಣು ಮಗು ಎಂದು ಕೊರೆಯಲಾಗಿದೆ. ದಂಡನಾಯಕಿಯ ಗೋರಿಯನ್ನೂ ಈ ಮೂಳೆಯನ್ನೂ ಒಟ್ಟಿಗೆ ಇಟ್ಟರೆ ಚರ್ಚೆಗೆ ಒಂದು ಪೀರಿಯಡ್ ಸಾಲುವುದಿಲ್ಲ. ಇನ್ನು ‘ನದಿ ಇದ್ದಲ್ಲಿ ನಾಗರಿಕತೆ’ ಎಂಬ ಸೂತ್ರವನ್ನು ಸ್ವಲ್ಪ ಸಡಿಲಿಸಿ. ದೊಡ್ಡ ನದಿಗಳ ಆಸರೆಯಿಲ್ಲದ ಕಡೆಗಳಲ್ಲೂ ಮಧ್ಯ ಅಮೆರಿಕದ ಮಾಯಾ ಜನರು ಮಳೆನೀರು ಸಂಗ್ರಹಿಸಿ ನಗರಗಳನ್ನು ಕಟ್ಟಿದ್ದರು ಎಂದರೆ ಸಾಕು.

ಪರೀಕ್ಷೆಯೂ ಬದಲಾಗದಿದ್ದರೆ ಇದೆಲ್ಲ ವ್ಯರ್ಥ, ಏಕೆಂದರೆ ಮಕ್ಕಳು ಓದುವುದು ಪರೀಕ್ಷೆಯಲ್ಲಿ ಕೇಳುವುದನ್ನೇ. ಕಡೇಪಕ್ಷ ಒಂದು ಪ್ರಶ್ನೆಯಲ್ಲಾದರೂ ಅವರು ತರಗತಿಯಲ್ಲಿ ನೋಡಿರದ ವಸ್ತುವನ್ನು ಕೊಡಿ. ಕಳೆದ ಸಲ ನಾನು ಮೆಸೊಪೊಟೇಮಿಯದ ಊರ್ ಎಂಬ ನಗರದಲ್ಲಿ ಸಿಕ್ಕ, ಕ್ರಿ.ಪೂ. 1750ರ ಸುಮಾರಿನ ಮಣ್ಣಿನ ಹಲಗೆಯೊಂದರ ಸಾರಾಂಶ ಕೊಟ್ಟಿದ್ದೆ. ನನ್ನಿ ಎಂಬವನು ಏಯಾ ನಾಸಿರ್ ಎಂಬ ವ್ಯಾಪಾರಿಗೆ, ಕಳಪೆ ತಾಮ್ರ ತೋರಿಸಿದ್ದಕ್ಕೂ ತಾನು ಕಳಿಸಿದ ಆಳನ್ನು ಅವಮಾನಿಸಿದ್ದಕ್ಕೂ ದೂರಿ ಬರೆದ ಪತ್ರ ಅದು. ಇದರಿಂದ ಖಚಿತವಾಗಿ ತಿಳಿಯುವ ಮೂರು ಸಂಗತಿಗಳನ್ನೂ ತಿಳಿಯಲಾಗದ ಒಂದು ಸಂಗತಿಯನ್ನೂ ಬರೆಯಿರಿ ಎಂಬುದು ಪ್ರಶ್ನೆ. ಸಾಮಾನ್ಯವಾಗಿ ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕೂರುವ ಹುಡುಗನೊಬ್ಬ, ವ್ಯಾಪಾರವಿತ್ತು, ತಾಮ್ರದ ಗುಣಮಟ್ಟ ನೋಡುತ್ತಿದ್ದರು, ದೂರನ್ನು ಬರವಣಿಗೆಯಲ್ಲಿ ಕೊಡುತ್ತಿದ್ದರು ಎಂದು ಬರೆದು, ಕೊನೆಗೆ ‘ಏಯಾ ನಾಸಿರ್ ಏನು ಉತ್ತರ ಕೊಟ್ಟ ಎಂದು ಇದರಲ್ಲಿ ಇಲ್ಲ, ಆದ್ದರಿಂದ ತಪ್ಪು ಯಾರದು ಎಂದು ನಾನು ಹೇಳಲಾರೆ’ ಎಂದು ಸೇರಿಸಿದ್ದ. ಪೂರ್ಣ ಅಂಕ ಕೊಟ್ಟೆ. ನಿಮ್ಮ ಮೌಲ್ಯಮಾಪನದ ಮಾದರಿ ಉತ್ತರದಲ್ಲಿ ಇಂಥ ಸಾಲಿಗೂ ಅಂಕವಿದೆ ಎಂದು ಮೊದಲೇ ಬರೆದಿಡಿ. ಇಲ್ಲವಾದರೆ ರಾತ್ರಿ ಹೊತ್ತು ನಲವತ್ತನೇ ಉತ್ತರ ಪತ್ರಿಕೆ ತಿದ್ದುವಾಗ ಅದು ಕಣ್ಣು ತಪ್ಪಿಹೋಗುತ್ತದೆ.