ಅಂಕಿಯ ಬಾಲ ಕತ್ತರಿಸಿದಾಗ

ಪ್ರಶ್ನೆ: ನನ್ನ ಮಗಳು ಮತ್ತು ಅಳಿಯ ಟೋಕಿಯೊದಲ್ಲಿದ್ದಾರೆ. ಫುಕುಶಿಮಾ ಅಣುಸ್ಥಾವರದ ನೀರನ್ನು ಕಡಲಿಗೆ ಬಿಡುತ್ತಿರುವ ಬಗ್ಗೆ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೆಂಪು, ನೇರಳೆ ಬಣ್ಣದ ನಕ್ಷೆಯೊಂದು ಬಂದಿದೆ. ಅಲ್ಲಿನ ಮೀನಿನಲ್ಲಿ ಮಿತಿಗಿಂತ 180 ಪಟ್ಟು ವಿಕಿರಣವಿದೆ ಎಂದು ಸುದ್ದಿವಾಹಿನಿಯೊಂದು ಹೇಳಿತು. ಜಪಾನ್ ಸರ್ಕಾರ ಮಾತ್ರ ಅಪಾಯವಿಲ್ಲ ಎನ್ನುತ್ತಿದೆ. ಯಾರನ್ನು ನಂಬಬೇಕು? ಮಗಳಿಗೆ ಮೀನು ತಿನ್ನಬೇಡ ಎನ್ನಲೇ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮಗೆ ಬಂದಿರುವುದು ನಾನು ಊಹಿಸುತ್ತಿರುವ ನಕ್ಷೆಯೇ ಆಗಿದ್ದರೆ, ಅದರ ಅಂಚಿನಲ್ಲಿರುವ ಬಣ್ಣದ ಪಟ್ಟಿಯನ್ನು ದೊಡ್ಡದು ಮಾಡಿ ನೋಡಿ: ಅಳತೆ ಸೆಂಟಿಮೀಟರಿನಲ್ಲಿದೆ. ವಿಕಿರಣವನ್ನು ಯಾರೂ ಸೆಂಟಿಮೀಟರಿನಲ್ಲಿ ಅಳೆಯುವುದಿಲ್ಲ. ಈ ಸ್ಥಾವರದ ದುರಂತಕ್ಕೆ ಕಾರಣವಾದ 2011ರ ಮಾರ್ಚ್ 11ರ ಭೂಕಂಪದ ನಂತರ ಸುನಾಮಿ ಅಲೆ ಎಲ್ಲೆಲ್ಲಿ ಎಷ್ಟು ಎತ್ತರಕ್ಕೆ ಏಳಬಹುದೆಂದು ತೋರಿಸಲು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ 'ನೋವಾ' ತಯಾರಿಸಿದ ನಕ್ಷೆ ಅದು; ಅಂದಿನಿಂದಲೂ ವಿಕಿರಣದ ಹೆಸರಿನಲ್ಲಿ ಊರೂರು ಸುತ್ತುತ್ತಿದೆ.

ಮೀನಿನ ಸುದ್ದಿ ಹಾಗಲ್ಲ. ಅದರ ಅಂಕಿ ನಿಜ. 2023ರ ಮೇ ತಿಂಗಳಲ್ಲಿ ಹಿಡಿದ ಒಂದು ಮೀನಿನಲ್ಲಿ ಕಿಲೋಗೆ 18,000 ಬೆಕೆರೆಲ್ (ವಿಕಿರಣಶೀಲತೆಯ ಅಳತೆ) ಸೀಸಿಯಂ ಎಂಬ ವಿಕಿರಣಶೀಲ ಧಾತು ಕಂಡುಬಂದಿತ್ತು. ಜಪಾನಿನಲ್ಲಿ ಸಾಮಾನ್ಯ ಆಹಾರಕ್ಕಿರುವ ಮಿತಿ 100. ಆದರೆ ಅದು ಸಿಕ್ಕಿದ್ದು ಸ್ಥಾವರದ ಬಂದರಿನ ತಡೆಗೋಡೆಯ ಒಳಗೆ, ಪರೀಕ್ಷೆಗೆಂದು ಹಿಡಿದಾಗ. ಮಾರುಕಟ್ಟೆಗೆ ಹೋಗುವ ಮೀನನ್ನು ಅಲ್ಲಿ ಹಿಡಿಯುವುದಿಲ್ಲ. ನೀರು ಬಿಡಲು ಆರಂಭಿಸಿದ್ದಾದರೋ ಆಗಸ್ಟ್ 24ರಂದು. ಸ್ಥಳ ಮತ್ತು ತಾರೀಖು ಎಂಬ ಬಾಲವನ್ನು ಕತ್ತರಿಸಿಬಿಟ್ಟರೆ, 2011ರ ದುರಂತದ ಹಳೆಯ ಸೋರಿಕೆಯ ಕುರುಹು ಹೊಸ ನೀರಿನ ಫಲವಾಗಿ ಕಾಣುತ್ತದೆ.

ನೀರಿನ ವಿಷಯದಲ್ಲಿ ಇದೇ ಆಟವನ್ನು ಎರಡೂ ಕಡೆಯವರು ಆಡಬಲ್ಲರು. ಕಡಲಿಗೆ ಬಿಡುವ ನೀರಿನಲ್ಲಿ, ಶುದ್ಧೀಕರಣದಲ್ಲಿ ಬೇರ್ಪಡಿಸಲಾಗದೆ ಉಳಿಯುವ ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ವರ್ಷಕ್ಕೆ 22 ಲಕ್ಷ ಕೋಟಿ ಬೆಕೆರೆಲ್ ಮೀರಬಾರದೆಂಬ ನಿಯಮವಿದೆ. ಇದನ್ನು ಶೀರ್ಷಿಕೆಯಾಗಿಸಿದರೆ ಎದೆ ಝಲ್ಲೆನ್ನುತ್ತದೆ. ಅಷ್ಟೇ ಟ್ರಿಟಿಯಂ ಅನ್ನು ತಕ್ಕಡಿಗೆ ಹಾಕಿದರೆ ಸುಮಾರು 0.06 ಗ್ರಾಂ, ಅಂದರೆ ಮೂರ್ನಾಲ್ಕು ಅಕ್ಕಿಕಾಳಿನ ತೂಕ! ಇದೂ ನ್ಯಾಯವಾದ ಮಾತಲ್ಲ, ಏಕೆಂದರೆ ವಿಕಿರಣದ ಅಪಾಯವನ್ನು ತೂಕ ಹೇಳುವುದಿಲ್ಲ. ಕೇಳಬೇಕಾದದ್ದು ಲೀಟರಿಗೆ ಎಷ್ಟು ಎಂದು. ಕಡಲಿಗೆ ಬಿಡುವ ನೀರಿನಲ್ಲಿ ಮಿತಿ ಲೀಟರಿಗೆ 1,500 ಬೆಕೆರೆಲ್. ಕುಡಿಯುವ ನೀರಿಗೇ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 10,000.

ಇಷ್ಟಾದರೂ ಜನ ಸರ್ಕಾರದ ಮಾತನ್ನು ಏಕೆ ನಂಬುವುದಿಲ್ಲ ಎಂದರೆ, ನಂಬದಿರಲು ಅವರಿಗೆ ಕಾರಣವಿದೆ. 2011ರಲ್ಲಿ ಜಪಾನಿನ ಮುಖ್ಯ ಸಂಪುಟ ಕಾರ್ಯದರ್ಶಿ ಯುಕಿಯೊ ಎದಾನೊ ಅವರು 'ಆರೋಗ್ಯದ ಮೇಲೆ ತಕ್ಷಣಕ್ಕೆ ಪರಿಣಾಮವಿಲ್ಲ' ಎಂದು ಮತ್ತೆ ಮತ್ತೆ ಹೇಳುತ್ತಿದ್ದಾಗ, ಕೇಳಿದವರ ಕಿವಿಗೆ ಬಿದ್ದದ್ದು 'ತಕ್ಷಣಕ್ಕೆ' ಎಂಬ ಪದ ಮಾತ್ರ. ವಿಕಿರಣ ಯಾವ ದಿಕ್ಕಿಗೆ ಹರಡಬಹುದೆಂದು ಲೆಕ್ಕಹಾಕುವ 'ಸ್ಪೀಡಿ' ವ್ಯವಸ್ಥೆಯ ನಕ್ಷೆ ಮಾರ್ಚ್ 23ರವರೆಗೆ ಸಾರ್ವಜನಿಕರಿಗೆ ಸಿಗಲಿಲ್ಲ. ಅಷ್ಟರಲ್ಲಿ ನಾಮಿಯೆ ಪಟ್ಟಣದ ಅನೇಕರು ಕಡಲತೀರದಿಂದ ದೂರವೆಂದು ವಾಯವ್ಯಕ್ಕಿರುವ ತ್ಸುಶಿಮಾದಲ್ಲಿ ಆಶ್ರಯ ಪಡೆದಿದ್ದರು, ವಿಕಿರಣಶೀಲ ಮೋಡವೂ ಅದೇ ದಿಕ್ಕಿಗೆ ಸಾಗಿತ್ತು. 'ಮೆಲ್ಟ್‌ಡೌನ್' (ಸ್ಥಾವರದೊಳಗಿನ ಇಂಧನ ಕರಗಿಹೋಗುವುದು) ಎಂಬ ಪದವನ್ನು ಆಗ ಮುಚ್ಚಿಟ್ಟದ್ದಕ್ಕೆ ಸ್ಥಾವರದ ಕಂಪನಿ ಟೆಪ್ಕೊ 2016ರಲ್ಲಿ ಕ್ಷಮೆ ಕೇಳಬೇಕಾಯಿತು. ಅಧಿಕೃತರು ಅಂಕಿಯನ್ನೇ ಬಚ್ಚಿಟ್ಟ ಜಾಗದಲ್ಲಿ ಸುಳ್ಳು ನಕ್ಷೆಗಳು ಬಂದು ಕೂತವು. ತಪ್ಪಿನ ದೊಡ್ಡ ಪಾಲನ್ನು ನಾನು ವಾಟ್ಸ್‌ಆ್ಯಪ್‌ಗೆ ಹೊರಿಸಲಾರೆ.

ಈಗ ನಿಮ್ಮ ಮಗಳ ಊಟದ ಮಾತು. ಮಿತಿಯ ಅಂಚಿನಲ್ಲಿರುವ, ಅಂದರೆ 100 ಬೆಕೆರೆಲ್ ಸೀಸಿಯಂ ಇರುವ ಒಂದು ಕಿಲೋ ಮೀನನ್ನು ಪೂರ್ತಿ ತಿಂದರೂ ದೇಹಕ್ಕೆ ಸೇರುವುದು ಒಂದೂವರೆ ಮೈಕ್ರೊಸೀವರ್ಟಿನಷ್ಟು (ಸೀವರ್ಟ್ ಎಂದರೆ ದೇಹಕ್ಕೆ ತಗಲುವ ವಿಕಿರಣದ ಅಳತೆ; ಸಾವಿರ ಮೈಕ್ರೊಸೀವರ್ಟಿಗೆ ಒಂದು ಮಿಲಿಸೀವರ್ಟ್). ನೆಲ, ಗಾಳಿ, ಆಕಾಶ ಮತ್ತು ಆಹಾರದಿಂದ ಮನುಷ್ಯನಿಗೆ ಸಹಜವಾಗಿ ತಗಲುವ ವಿಕಿರಣ ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್, ಅಂದರೆ ದಿನಕ್ಕೆ ಆರೂವರೆ ಮೈಕ್ರೊಸೀವರ್ಟ್. ಮೀನು ತಿನ್ನಬೇಡ ಎನ್ನಲು ನನಗೆ ಕಾರಣ ಕಾಣುವುದಿಲ್ಲ. ಅವರಿಗೆ ಏನಾದರೂ ಕಳಿಸುವುದಿದ್ದರೆ ಆ ನಕ್ಷೆಯ ಬದಲು ಈ ಲೆಕ್ಕವನ್ನು ಕಳಿಸಿ.